ಮೇಲಿಂದ ಎಷ್ಟನೇ ಪದರ? ಶಹಾಬಾದ್ ಕಲ್ಲಿನ ಜಾಡು ಹಿಡಿದು ಉಡುಪಿಯಿಂದ ಹೊರಟ ನನ್ನ ಅನುಭವ

ಆಟಿ ತಿಂಗಳ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಬೆಳಿಗ್ಗೆ ಬ್ರಹ್ಮಾವರ ಕಡೆಯ ಗಿರಾಕಿಯೊಬ್ಬರು ನಮ್ಮ ಅಂಗಡಿಗೆ ಬಂದು, ಮೇಜಿನ ಮೇಲೆ ಒಂದು ಕಲ್ಲಿನ ಚಕ್ಕೆ ಇಟ್ಟರು. ಅಂಗೈಯಗಲ, ಬೂದುಬಣ್ಣ, ತೆಳ್ಳಗೆ. "ನೀವು ಕೊಟ್ಟದ್ದು ಕಲ್ಲೋ ಹಪ್ಪಳವೋ ಮಾರಾಯ್ರೆ? ಅಂಗಳದಲ್ಲಿ ಕಾಲಿಟ್ಟರೆ ಏಳ್ತದೆ."

ಎರಡು ಮಳೆಗಾಲದ ಹಿಂದೆ ಅವರ ಅಂಗಳಕ್ಕೆ ಶಹಾಬಾದ್ ಕಲ್ಲು, ಅಂದರೆ ಕಲಬುರಗಿ ಕಡೆಯ ಹಾಸು ಸುಣ್ಣಕಲ್ಲು, ಕೊಟ್ಟವನು ನಾನೇ. ಹೋಗಿ ನೋಡಿದೆ. ಅರ್ಧ ಅಂಗಳ ಹಾಕಿದ ದಿನದಂತೆಯೇ ಇತ್ತು. ಇನ್ನರ್ಧದಲ್ಲಿ ಚಪ್ಪಡಿಗಳು ಸಿಪ್ಪೆ ಸುಲಿದ ಹಾಗೆ ಏಳುತ್ತಿದ್ದವು. ಒಂದೇ ಲಾರಿ, ಒಂದೇ ಬಿಲ್ಲು, ಹಾಸಿದ ಮೇಸ್ತ್ರಿಯೂ ಒಬ್ಬನೇ. ಹಾಳಾದ ಕಲ್ಲನ್ನು ನನ್ನ ಖರ್ಚಿನಲ್ಲಿ ಬದಲಿಸಿ ಕೊಡುವುದಾಗಿ ಒಪ್ಪಿಕೊಂಡು ಬಂದೆ. ದುಡ್ಡು ಹೋದದ್ದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ ವಿಷಯ. ನಾನು ಓದಿದ್ದು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಆಮೇಲೆ ಅಪ್ಪನ ಕಲ್ಲಿನ ವ್ಯಾಪಾರಕ್ಕೆ ಕೂತೆ. ದಿನಾ ಕೈಯಲ್ಲಿ ಹಿಡಿಯುವ ಕಲ್ಲು ಯಾವ ಪದರದ್ದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕರಾವಳಿಯವರಿಗೆ ಪದರದ ಕಲ್ಲು ಮೊದಲಿಂದಲೂ ಅಪರಿಚಿತ. ನಮ್ಮದು ಮುರಕಲ್ಲಿನ ಊರು. ಅದರಲ್ಲಿ ಪದರವಿಲ್ಲ, ಕೆಳಗಿನ ಕಲ್ಲು ಮಳೆ ಬಿಸಿಲಿಗೆ ಕೊಳೆತು, ಕಬ್ಬಿಣ ಉಳಿದು ಗಟ್ಟಿಯಾದದ್ದು ಅದು. ಅದರಡಿ ಕಪ್ಪು ಕಲ್ಲಿನ ಪಾದೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಕಲ್ಲಿದೆ, ಅದು ತಣಿದ ಲಾವಾ. ಸುಣ್ಣ ಬೇಕಾದಾಗಲೂ ನಮ್ಮ ಹಿರಿಯರು ಸುಣ್ಣಕಲ್ಲು ಹುಡುಕಲಿಲ್ಲ, ಹೊಳೆಯ ಅಳಿವೆಯಲ್ಲಿ ಹೆಕ್ಕಿದ ಚಿಪ್ಪು ಸುಟ್ಟರು. ಹಾಗಾಗಿ ಇಲ್ಲಿ ಹೆಚ್ಚಿನವರಿಗೆ ಶಹಾಬಾದ್, ತಾಂಡೂರು, ಕಡಪ ಎಂದರೆ ಟೈಲ್ಸ್ ಕಂಪೆನಿಗಳ ಹೆಸರಿದ್ದ ಹಾಗೆ. ಅವು ಊರುಗಳೆಂದು ಗೊತ್ತು, ಆ ಊರುಗಳಡಿ ಏನಿದೆ ಎಂದು ಗೊತ್ತಿಲ್ಲ.

ಮೊದಲು ಮಾಡಿದ ಕೆಲಸ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ. ಒಳ್ಳೆಯ ಚಪ್ಪಡಿಯ ತುಂಡು, ಏಳುತ್ತಿದ್ದ ಚಪ್ಪಡಿಯ ತುಂಡು, ಎರಡನ್ನೂ ಕುಟ್ಟಿ ಪುಡಿ ಮಾಡಿದೆ. ತಲಾ 10 ಗ್ರಾಂ ತೂಗಿದೆ. ತಕ್ಕಡಿ ಚಿನ್ನದ ಕೆಲಸ ಮಾಡುವ ಗೆಳೆಯನದ್ದು. ಕಲ್ಲಿನ ಪುಡಿ ತೂಗಲಿಕ್ಕೆ ಎಂದಾಗ ಅವನ ಮುಖ ನೋಡಬೇಕಿತ್ತು. ಹೈಡ್ರೋಕ್ಲೋರಿಕ್ ಆಸಿಡನ್ನು ತೆಳ್ಳಗೆ ಮಾಡಿ (ಮಾಡುವವರು ನೆನಪಿಡಿ: ನೀರಿಗೆ ಆಸಿಡ್ ಹೊಯ್ಯಬೇಕು, ಆಸಿಡ್‌ಗೆ ನೀರಲ್ಲ) ಸ್ವಲ್ಪ ಸ್ವಲ್ಪವೇ ಪುಡಿಗೆ ಹಾಕಿದೆ. ಸುಣ್ಣದಂಶ ನೊರೆ ಎದ್ದು ಕರಗಿ ಹೋಗುತ್ತದೆ, ಕರಗದ್ದು ತಳದಲ್ಲಿ ಉಳಿಯುತ್ತದೆ. ನೊರೆ ನಿಂತ ಮೇಲೆ ಸೋಸಿ, ತೊಳೆದು, ಒಣಗಿಸಿ ಮತ್ತೆ ತೂಗಿದೆ. ಒಳ್ಳೆಯ ಕಲ್ಲಿನಲ್ಲಿ ಉಳಿದದ್ದು ಅರ್ಧ ಗ್ರಾಮಿಗೂ ಕಡಿಮೆ. ಕೆಟ್ಟದ್ದರಲ್ಲಿ ಎರಡು ಗ್ರಾಮಿಗೂ ಮೇಲೆ. ಬೆರಳಲ್ಲಿ ಉಜ್ಜಿದರೆ ಮರಳಿನ ಒರಟಿಲ್ಲ, ತೇದ ಗಂಧದ ಹಾಗೆ ನುಣುಪು. ಜೇಡಿಮಣ್ಣು.

ಇಷ್ಟಾದ ಮೇಲೆ ಕಾರಣ ಹೇಳುವುದು ಕಷ್ಟವಲ್ಲ. ಸುಣ್ಣಕಲ್ಲಿನ ನಡುವೆ ಎಳೆ ಎಳೆಯಾಗಿ ಸಿಕ್ಕಿಕೊಂಡ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕಲಬುರಗಿಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಅಲ್ಲಿನ ಮಳೆ ನಮ್ಮದರ ಸುಮಾರು ಐದನೇ ಒಂದು ಪಾಲು. ವರ್ಷಕ್ಕೆ 4000 ಮಿ.ಮೀ. ದಾಟುವ ಉಡುಪಿಯ ಮಳೆಯಲ್ಲಿ ಎರಡೇ ವರ್ಷದಲ್ಲಿ ಕಲ್ಲಿನ ಗುಟ್ಟು ಹೊರಬಿತ್ತು. ಒಂದೇ ಲಾರಿಯಲ್ಲಿ ಎರಡು ಬೇರೆ ಪದರದ ಕಲ್ಲು ಹೇಗೆ ಬಂತು ಎಂಬುದು ಮಾತ್ರ ಕೊಟ್ಟಿಗೆಯಲ್ಲಿ ಕೂತು ಬಗೆಹರಿಯುವ ಪ್ರಶ್ನೆಯಲ್ಲ. ದೀಪಾವಳಿ ಕಳೆದದ್ದೇ ಕಲಬುರಗಿಯ ರಾತ್ರಿ ಬಸ್ಸು ಹತ್ತಿದೆ.

ಹೋಗುವ ಮುಂಚೆ ಹಳೆಯ ನೋಟ್ಸ್ ತೆಗೆದು ಓದಿಕೊಂಡಿದ್ದೆ. ಭೂವಿಜ್ಞಾನಿಗಳು ಭೀಮಾ ಕೊಳ್ಳ ಎನ್ನುವುದು ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಹರಡಿ ತೆಲಂಗಾಣದೊಳಕ್ಕೂ ಹೋಗುವ, ಸುಮಾರು 5200 ಚದರ ಕಿ.ಮೀ.ನ ಒಂದು ಹಳೆಯ ಕಡಲ ತಳವನ್ನು. ಅಡಿಯಲ್ಲಿ ಗ್ರಾನೈಟು, ಅದರಂಥದ್ದೇ ಪಟ್ಟೆಪಟ್ಟೆಯ ನೈಸು. ಅದರ ಮೇಲೆ ಮೊದಲು ರಬನಪಲ್ಲಿ ಫಾರ್ಮೇಶನ್: ಉರುಟು ಕಲ್ಲುಗಳು ಬೆಸೆದ ಕಾಂಗ್ಲೊಮರೇಟ್, ಮರಳುಗಲ್ಲು, ಹಸಿರು ಮತ್ತು ನೇರಳೆ ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರದ ಕಲ್ಲು). ಅದರ ಮೇಲೆ ನಮ್ಮ ಶಹಾಬಾದ್ ಸುಣ್ಣಕಲ್ಲು. ಮತ್ತೆ ಹಲ್ಕಲ್ ಶೇಲ್, ಅದರ ಮೇಲೆ ಇನ್ನೊಂದು ಸುಣ್ಣಕಲ್ಲು, ಕಟಮದೇವರಹಳ್ಳಿಯದ್ದು. ತುದಿಗೆ ಹರವಾಳ ಶೇಲ್. ಎಲ್ಲ ಸೇರಿ 300 ಮೀಟರ್ ಆಸುಪಾಸು. ಇವೆಲ್ಲದರ ಮೇಲೆ ಎಷ್ಟೋ ಕಾಲದ ನಂತರ ಡೆಕ್ಕನ್ ಟ್ರಾಪಿನ ಲಾವಾ ಬಂದು ಉತ್ತರದ ಕಡೆ ಕಂಬಳಿ ಹೊದೆಸಿತು. ವಯಸ್ಸಿನ ಬಗ್ಗೆ ಪಂಡಿತರಲ್ಲಿ ಜಗಳ ಮುಗಿದಿಲ್ಲ. ಆದರೆ ಚಿಪ್ಪು ಕಟ್ಟುವ ಪ್ರಾಣಿಗಳು ಹುಟ್ಟುವ ಮುಂಚಿನದು ಎಂಬುದರಲ್ಲಿ ತಕರಾರಿಲ್ಲ. ನಮ್ಮ ಚಿಪ್ಪಿನ ಸುಣ್ಣಕ್ಕೂ ಶಹಾಬಾದಿನ ಸುಣ್ಣಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಅಲ್ಲಿ ಲೆನ್ಸ್ ಹಿಡಿದು ಎಷ್ಟು ಹುಡುಕಿದರೂ ಒಂದು ಚಿಪ್ಪಿನ ಚೂರು ಸಿಗುವುದಿಲ್ಲ. ಬರೀ ಸಣ್ಣ ಸುಣ್ಣದ ಕೆಸರು ಗಟ್ಟಿಯಾದದ್ದು.

ಕಲ್ಲಿನ ಮೇಲ್ಮೈಯಲ್ಲಿ ಕಪ್ಪು ಜರಿಗಿಡದ ಚಿತ್ರ ಕಂಡು "ಇದು ಎಲೆಯ ಪಳೆಯುಳಿಕೆಯಾ?" ಎಂದು ಗಿರಾಕಿಗಳು ಕೇಳುತ್ತಿರುತ್ತಾರೆ. ಅಲ್ಲ. ಬಿರುಕಿನಲ್ಲಿ ನೀರು ಇಳಿದು ಮ್ಯಾಂಗನೀಸ್ ಹಾಗೆ ಕವಲೊಡೆದು ಕೂತದ್ದು.

ಗಣಿಯಲ್ಲಿ ನನಗೆ ಸಿಕ್ಕಿದ ಗುರು ನಲವತ್ತು ವರ್ಷದಿಂದ ಫರಸಿ ಎಬ್ಬಿಸುತ್ತಿದ್ದ ಒಬ್ಬ ಕಾಕಾ. ಅಲ್ಲಿ ಹಾಸುಗಲ್ಲಿಗೆ ಫರಸಿ ಎನ್ನುತ್ತಾರೆ. ಪದರಗಳು ನೆಲಕ್ಕೆ ಸಮನಾಗಿ ಮಲಗಿವೆ, ಅಡ್ಡ ಉದ್ದ ಎರಡು ದಿಕ್ಕಿನಲ್ಲಿ ಸೀಳುಗಳು ಮೊದಲೇ ಇವೆ. ಉಳಿ ಇಟ್ಟು ಸಂದಿ ಬಿಡಿಸಿ ಹಾರೆ ಹಾಕಿದರೆ ಚಪ್ಪಡಿ ಎದ್ದು ಬರುತ್ತದೆ. ಕಾಕಾ ಗೋಡೆ ತೋರಿಸಿ ಪಾಠ ಹೇಳಿದರು.

"ಮ್ಯಾಲಿಂದ ಎಣಸ್ರಿ ಸರ. ಒಂದು, ಎರಡು ಬಿಸಾಕೋದು. ಮೂರನೇದ್ದು, ನಾಕನೇದ್ದು ಛಲೋ ಅದ. ಐದನೇದ್ದು ಮನಿ ಒಳಗ ಹಾಕ್ರಿ, ಹೊರಗ ಹಾಕಬ್ಯಾಡ್ರಿ."

"ಯಾಕೆ ಕಾಕಾ?"

"ಅದು ನೀರು ಕುಡಿತದರಿ."

ನನ್ನ ತಕ್ಕಡಿ, ಆಸಿಡ್, ಸೋಸುವ ಕಾಗದ ಎಲ್ಲ ಹೇಳಿದ್ದನ್ನೇ ಅವರು ಮೂರು ಪದದಲ್ಲಿ ಹೇಳಿದ್ದರು. ಐದನೇ ಪದರದ ತುಂಡು ತಂದು ಆಮೇಲೆ ಕರಗಿಸಿಯೂ ನೋಡಿದೆ. ಅದೇ ಗಂಧದಂಥ ಜೇಡಿ.

ನಾನು ನಂಬಿಕೊಂಡಿದ್ದ ಏಜೆಂಟರು ಕಲ್ಲು ತರುತ್ತಿದ್ದದ್ದು ಎರಡು ಗಣಿಗಳಿಂದ, ಒಂದಕ್ಕೊಂದು ಒಂಬತ್ತು ಕಿ.ಮೀ. ದೂರ. ಎರಡೂ ಕಡೆ ಅವರು ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ಮೂರನೇದು, ನಾಲ್ಕನೇದು ಹಾಕಿ. ಹಾಗಾದರೆ ಎರಡನೇ ಗಣಿಯಲ್ಲಿ ಮೂರನೇ ಪದರ ಯಾವುದು? ಇದನ್ನು ನೋಡಲೇಬೇಕಿತ್ತು.

ಅಳತೆಯ ಸರಂಜಾಮು ಏನೂ ದೊಡ್ಡದಲ್ಲ. ಒಂದೂವರೆ ಮೀಟರಿನ ಪಿವಿಸಿ ಪೈಪಿಗೆ ಹತ್ತು ಹತ್ತು ಸೆಂಟಿಮೀಟರಿಗೆ ಕೆಂಪು ಬಿಳಿ ಟೇಪು ಸುತ್ತಿ ಅಳತೆಕೋಲು ಮಾಡಿದೆ. ಪದರದ ಇಳಿಜಾರು ಅಳೆಯುವ, ಕಾಲೇಜಿನ ಕಾಲದ ಕ್ಲೈನೋಮೀಟರು, ಹತ್ತು ಪಟ್ಟಿನ ಲೆನ್ಸು, ಸುತ್ತಿಗೆ, ಡ್ರಾಪರ್ ಬಾಟಲಿಯಲ್ಲಿ ಆಸಿಡ್, ಗ್ರಾಫ್ ಪುಸ್ತಕ. ಗೋಡೆಯ ಬುಡದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಯಾಕೆಂದರೆ ಕೆಳಗಿನದು ಮೊದಲು ಕೂತದ್ದು. ಕಥೆ ಹೇಳುವಾಗ ಮೊದಲಿಂದಲೇ ಹೇಳುವುದಲ್ಲವೇ? ಪ್ರತಿ ಪದರಕ್ಕೂ ದಪ್ಪ, ಒಡೆದ ಮುಖದ ಬಣ್ಣ, ಮಳೆಗಾಳಿಗೆ ಒಡ್ಡಿದ ಮುಖದ ಬಣ್ಣ, ಆಸಿಡ್‌ಗೆ ನೊರೆ ಎಷ್ಟು, ಪದರ ಪದರದ ನಡುವಿನ ಸಂದಿ ಎಂಥದ್ದು ಎಂದು ಬರೆಯುತ್ತಾ ಹೋದೆ.

ಸಂದಿಯ ವಿಷಯದಲ್ಲಿ ಮೊದಲ ದಿನ ಎಡವಿದೆ. ಸುಣ್ಣಕಲ್ಲಿನಲ್ಲಿ ಎರಡು ಬಗೆಯ ಕಪ್ಪು ಗೆರೆ ಕಾಣುತ್ತದೆ. ಒಂದು ನಿಜವಾದ ಜೇಡಿ ಪದರ, ನೇರವಾಗಿ, ಉಗುರಿಗೆ ಸಿಗುವ ಹಾಗೆ ಇರುತ್ತದೆ. ಇನ್ನೊಂದು ಗರಗಸದ ಹಲ್ಲಿನಂತೆ ಅಂಕುಡೊಂಕು. ಇದಕ್ಕೆ ಸ್ಟೈಲೋಲೈಟ್ ಎನ್ನುತ್ತಾರೆ. ಮೇಲಿನ ಭಾರಕ್ಕೆ ಸಿಕ್ಕಿ ಸುಣ್ಣ ಅಲ್ಲೇ ಕರಗಿ ಹೋಗಿ, ಕರಗದ ಕಸ ಗೆರೆಯಾಗಿ ಉಳಿದದ್ದು. ಅಂದರೆ ಅದು ಕೂತ ಪದರವಲ್ಲ, ಕಳೆದುಹೋದ ಕಲ್ಲಿನ ಗುರುತು. ನಾನು ಎರಡನ್ನೂ ಒಂದೇ ಎಂದು ಬರೆದು, ಕಾಕಾ ಒಂದು ಎಣಿಸಿದಲ್ಲಿ ಮೂರು ಪದರ ಎಣಿಸಿದ್ದೆ. ಮರುದಿನ ಎಲ್ಲ ಹೊಡೆದು ಹಾಕಿ ಮತ್ತೆ ಬರೆದೆ.

ಎರಡು ಗಣಿಯ ಲೆಕ್ಕ ಮುಗಿಸಿ ಊರಿಗೆ ಬಂದು, ಎರಡನ್ನೂ ಉದ್ದ ಕಾಗದದ ಪಟ್ಟಿಯಲ್ಲಿ ಒಂದೇ ಅಳತೆಗೆ ಬರೆದು ಚಾವಡಿಯಲ್ಲಿ ಹಾಸಿದೆ. ಈಗ ಹೊಂದಿಸಬೇಕು. ಕಣ್ಣಿಗೆ ಹೊಡೆಯುವ ಹಾಗೆ ಎರಡರಲ್ಲೂ ಮೇಲಿನ ಎರಡು ಪದರ ಹಳದಿ, ಕೆಳಗಿನವು ಬೂದುನೀಲಿ. ಹಳದಿಗೆ ಹಳದಿ ಹೊಂದಿಸಿದೆ. ಆಗ ಎರಡೂ ಗಣಿಯ ಮೂರನೇ ಪದರಗಳು ಎದುರುಬದುರಾದವು: ಮೊದಲ ಗಣಿಯಲ್ಲಿ ಅದು ಗಟ್ಟಿ ಸುಣ್ಣಕಲ್ಲು, ಎರಡನೇ ಗಣಿಯಲ್ಲಿ ಜೇಡಿ ತುಂಬಿದ್ದು. ನನಗೆ ಖುಷಿಯೋ ಖುಷಿ. ಒಂದೇ ಪದರ ಒಂಬತ್ತು ಕಿ.ಮೀ. ದೂರದಲ್ಲಿ ಗುಣ ಬದಲಿಸಿದೆ! ಒಂದೇ ಕಾಲದಲ್ಲಿ ಕಡಲಿನ ಒಂದು ಕಡೆ ತಿಳಿನೀರು, ಇನ್ನೊಂದು ಕಡೆ ನದಿ ತಂದ ಕೆಸರು. ನಮ್ಮ ಸ್ವರ್ಣಾ, ಸೀತಾ ಹೊಳೆಗಳ ಅಳಿವೆಯ ಹತ್ತಿರ ಕೆಸರು, ಆಚೆ ಸ್ವಚ್ಛ ನೀರು ಇರುವುದಿಲ್ಲವೇ, ಹಾಗೆ. ಪುಸ್ತಕದಲ್ಲಿ ಇಂಥದ್ದು ಇದೆ, ಸುಳ್ಳೂ ಅಲ್ಲ. ಆರು ತಿಂಗಳು ಈ ಸಿದ್ಧಾಂತವನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೀನು ಮಾರ್ಕೆಟಿನಲ್ಲಿ ಸಿಕ್ಕಿದ ಹಳೆಯ ಸಹಪಾಠಿಗೂ ಹೇಳಿದೆ. ಅವನು ಬಂಗುಡೆ ಆರಿಸುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ನಡುವೆ ಎಲ್ಲಿಯಾದರೂ ನೋಡಿದ್ದುಂಟಾ?"

ನೋಡಿರಲಿಲ್ಲ.

ಮುಂದಿನ ವರ್ಷ ಹೋಗಿ ಎರಡರ ನಡುವೆ ಒಂದು ಪಾಳುಬಿದ್ದ ಗಣಿ ಹುಡುಕಿದೆ. ಕೆಲಸ ನಿಂತು ವರ್ಷಗಳಾಗಿ ಗೋಡೆ ಚೆನ್ನಾಗಿ ತೊಳೆದು ಹೋಗಿತ್ತು. ಅಲ್ಲಿ ಒಂದೇ ನೋಟಕ್ಕೆ ನನ್ನ ಸಿದ್ಧಾಂತ ಮಣ್ಣುಪಾಲಾಯಿತು. ಹಳದಿ ಬಣ್ಣ ಪದರದ ಗುಂಟ ಹೋಗದೆ, ನೆಟ್ಟಗಿನ ಸೀಳಿನ ಗುಂಟ ಕೆಳಗಿಳಿದಿತ್ತು. ಸೀಳಿನ ಅಕ್ಕಪಕ್ಕ ಗೇಣಗಲ ಹಳದಿ, ಆಚೆಗೆ ಅದೇ ಪದರ ಬೂದು. ಹಳದಿ ಎಂದರೆ ಕಲ್ಲಿನೊಳಗಿನ ಕಬ್ಬಿಣ ನೀರು ಗಾಳಿಗೆ ತುಕ್ಕು ಹಿಡಿದದ್ದು, ಅಷ್ಟೇ. ಅದು ಈಗಿನ ನೆಲದ ಮೇಲ್ಮೈಯಿಂದ ಇಳಿದದ್ದು. ಹಾಗಾದ ಮೇಲೆ ಎಲ್ಲ ಗಣಿಯಲ್ಲೂ ಮೇಲಿನ ಪದರಗಳೇ ಹಳದಿ ಆಗದೆ ಇನ್ನೇನು? ನಾನು ಕಡಲಿನ ಪದರ ಹೊಂದಿಸುತ್ತಿದ್ದೇನೆ ಎಂದುಕೊಂಡು, ಮೊನ್ನೆ ಮೊನ್ನೆಯ ಮಳೆನೀರಿನ ಕಲೆ ಹೊಂದಿಸಿದ್ದೆ.

ಮತ್ತೆ ಮೂರು ಪಟ್ಟಿಗಳನ್ನು ಹಾಸಿಕೊಂಡು ಕೂತೆ. ಈ ಸಲ ಬಣ್ಣದ ಕಾಲಮ್ಮಿನ ಮೇಲೆ ಕಾಗದ ಮುಚ್ಚಿ ಇಟ್ಟೆ. ಒಂದೊಂದು ಪದರವನ್ನಲ್ಲ, ಸಾಲನ್ನು ಹುಡುಕಿದೆ. ಮೊದಲ ಗಣಿಯ ಐದನೇ ಪದರದ ಅಡಿಯಲ್ಲಿ ಬೆರಳು ದಪ್ಪದ ಎರಡು ಜೇಡಿ ಎಳೆಗಳಿದ್ದವು, ನಡುವೆ ಒಂದು ಗೇಣು ಕಲ್ಲು. ಐದರ ಮೇಲಿನ ನಾಲ್ಕನೇ ಪದರದಲ್ಲಿ ಸ್ಟೈಲೋಲೈಟ್ ಒತ್ತೊತ್ತಾಗಿತ್ತು. ಜೋಡಿ ಜೇಡಿ, ಅದರ ಮೇಲೆ ನೀರು ಕುಡಿಯುವ ಪದರ, ಅದರ ಮೇಲೆ ಗರಗಸದ ಗೆರೆಗಳು. ಪಟ್ಟಿ ಜಾರಿಸುತ್ತಾ ಹೋದಾಗ ಇದೇ ಸಾಲು ಪಾಳು ಗಣಿಯಲ್ಲೂ ಸಿಕ್ಕಿತು, ಎರಡನೇ ಗಣಿಯಲ್ಲೂ ಸಿಕ್ಕಿತು. ಆದರೆ ಎರಡನೇ ಗಣಿಯಲ್ಲಿ ನೀರು ಕುಡಿಯುವ ಪದರ ಮೇಲಿಂದ ಐದನೇದಲ್ಲ, ಮೂರನೇದು! ಅಲ್ಲಿ ಮೇಲಿನ ಎರಡು ಪದರ ಸವೆದು ಹೋಗಿಬಿಟ್ಟಿವೆ. ಪದರಗಳು ಹೆಚ್ಚುಕಡಿಮೆ ಸಮತಟ್ಟಾಗಿರುವ ಕಡೆ ಇದನ್ನು ಎತ್ತರದಿಂದಲೂ ಪರೀಕ್ಷಿಸಬಹುದು. ಫೋನಿನ ಜಿಪಿಎಸ್ ಎತ್ತರವನ್ನು ನಂಬಬೇಡಿ, ಅದು ಕೂತಲ್ಲೇ ಹತ್ತು ಮೀಟರ್ ಏರಿ ಇಳಿಯುತ್ತದೆ. ಸರ್ವೆ ನಕ್ಷೆಯ ಎತ್ತರದ ಗೆರೆಗಳಲ್ಲಿ ನೋಡಿದರೆ ಎರಡನೇ ಗಣಿ ತಗ್ಗಿನಲ್ಲೇ ಇದೆ. ಈ ನಕ್ಷೆ ಮೊದಲ ದಿನದಿಂದಲೂ ನನ್ನ ಚೀಲದಲ್ಲಿತ್ತು.

ಬ್ರಹ್ಮಾವರದ ಅಂಗಳದ ಕಥೆ ಇಲ್ಲಿಗೆ ಬಿಡಿಸಿತು. ಅರ್ಧ ಲಾರಿ ಮೊದಲ ಗಣಿಯ ಮೂರು ನಾಲ್ಕನೇ ಪದರ, ಅರ್ಧ ಲಾರಿ ಎರಡನೇ ಗಣಿಯ ಮೂರು ನಾಲ್ಕನೇ ಪದರ. ಯಾರೂ ಮೋಸ ಮಾಡಿರಲಿಲ್ಲ. ಎಲ್ಲರೂ ಮೇಲಿಂದ ಎಣಿಸಿದ್ದರು, ಮೇಲೆ ಎಂಬುದು ಊರೂರಿಗೆ ಬೇರೆ.

ಒಮ್ಮೆ ಈ ಹುಚ್ಚು ಹಿಡಿದ ಮೇಲೆ ಬಿಡಲಿಲ್ಲ. ಅಂಗಡಿಯಲ್ಲಿ "ಶಹಾಬಾದ್ ಬೇಡ, ತಾಂಡೂರು ಕೊಡಿ" ಎನ್ನುವವರಿದ್ದಾರೆ. ತಾಂಡೂರಿಗೂ ಹೋಗಿ ಬಂದೆ. ರಾಜ್ಯದ ಗಡಿ ದಾಟಿದ್ದು ಬಸ್ಸಿನ ಬೋರ್ಡಿನ ಲಿಪಿ ನೋಡಿ ಗೊತ್ತಾಯಿತೇ ಹೊರತು ಕಲ್ಲಿನಿಂದ ಗೊತ್ತಾಗಲಿಲ್ಲ. ಅದು ಭೀಮಾ ಕೊಳ್ಳದ್ದೇ ಸುಣ್ಣಕಲ್ಲು, ಮುಂದುವರಿದದ್ದು. ಅಡುಗೆಮನೆಯ ಕಪ್ಪು ಕಡಪ ಕಲ್ಲಿನ ಮಾತು ಬೇರೆ. ಅದು ಆಂಧ್ರದ ಕರ್ನೂಲು ಗುಂಪಿನ ನಾರ್ಜಿ ಸುಣ್ಣಕಲ್ಲು, ಬೇರೆಯೇ ಕೊಳ್ಳ. ಬೇಲಂ ಗುಹೆಗಳು ಕೊರೆದುಕೊಂಡಿರುವುದೂ ಅದೇ ಕಲ್ಲಿನಲ್ಲಿ. ಅದರಡಿಯ ಗಟ್ಟಿ ಮರಳುಗಲ್ಲಿನ ಪದರಕ್ಕೆ ಬನಗಾನಪಲ್ಲಿ ಕ್ವಾರ್ಟ್‌ಝೈಟ್ ಎಂದು ಹೆಸರು. ನಮ್ಮಲ್ಲಿ ಆ ಹೆಸರು ಗೊತ್ತಿರುವುದು ಮಾವಿನಹಣ್ಣಿನಿಂದ.

ಬಾಗಲಕೋಟೆ ಕಡೆಯಿಂದ ಒಬ್ಬರು ಅಗ್ಗದಲ್ಲಿ "ಶಹಾಬಾದ್ ಥರದ್ದೇ" ಕಲ್ಲಿನ ಮಾದರಿ ಕಳಿಸಿದ್ದರು. ಆಸಿಡ್ ಬಿಟ್ಟರೆ ನೊರೆಯೇ ಇಲ್ಲ. ಚಾಕುವಿನಿಂದ ಕೆರೆದು ಆ ಪುಡಿಗೆ ಬಿಟ್ಟಾಗ ಮೆಲ್ಲಗೆ ಎದ್ದಿತು. ಡಾಲೊಮೈಟು, ಅಂದರೆ ಮೆಗ್ನೀಸಿಯಂ ಸೇರಿಕೊಂಡ ಸುಣ್ಣಕಲ್ಲಿನ ಬಗೆ. ಅದು ಕಲಾದಗಿ ಕೊಳ್ಳದ್ದು, 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ವಿವರಿಸಿ ಹೆಸರಿಟ್ಟ ಪದರಗಳು. ಲೋಕಾಪುರದ ಕಡೆ ಹೋಗಿ ನೋಡಿದಾಗ ನನಗೆ ಅಮ್ಮ ಮಾಡುವ ಪತ್ರೊಡೆ ನೆನಪಾಯಿತು. ಭೀಮಾದ ಪದರಗಳು ಹಿಟ್ಟು ಹಚ್ಚಿ ಒಂದರ ಮೇಲೊಂದು ಪೇರಿಸಿಟ್ಟ ಕೆಸುವಿನೆಲೆಗಳು. ಕಲಾದಗಿಯದ್ದು ಅದನ್ನು ಸುತ್ತಿ, ಬೇಯಿಸಿ, ಕೊಯ್ದ ಮೇಲಿನ ಸ್ಥಿತಿ: ಬಾಗಿ, ಮಡಚಿ, ಕೆಲವು ಕಡೆ ನೆಟ್ಟಗೆ ನಿಂತಿವೆ. ಅಲ್ಲಿ ಬುಡ ಯಾವುದು ತುದಿ ಯಾವುದು ಎಂದು ಹೇಳಲಿಕ್ಕೇ ಗುರುತು ಬೇಕು. ನನಗೆ ನೆರವಾದದ್ದು ಸ್ಟ್ರೊಮ್ಯಾಟೊಲೈಟ್. ಆಗಿನ ಕಡಲಿನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುಮ್ಮಟಗಳು ಅವು, ಬೆನ್ನು ಯಾವಾಗಲೂ ಮೇಲಕ್ಕೆ ಉಬ್ಬಿರುತ್ತದೆ. ಬೆನ್ನು ಎಲ್ಲಿ ತಿರುಗಿದೆಯೋ ಅದೇ ಆಗಿನ ಮೇಲು. ಇವುಗಳ ಸವೆದ ಬೆನ್ನ ಮೇಲೆ ಬಾದಾಮಿಯ ಮರಳುಗಲ್ಲು ಏನೂ ಆಗದವರ ಹಾಗೆ ಅಡ್ಡ ಮಲಗಿದೆ. ಮಾದರಿ ಬಂದಿದ್ದ ಆ ಡಾಲೊಮೈಟು ತರಿಸಲಿಲ್ಲ. ಕೆಟ್ಟದೆಂದಲ್ಲ, ಚಪ್ಪಡಿಯಾಗಿ ಏಳುವ ಕಲ್ಲೇ ಅದಲ್ಲ.

ಕೊನೆಯ ಸಲ ಹೋದಾಗ ಸನ್ನತಿಯ ಹತ್ತಿರದ ಕನಗನಹಳ್ಳಿಗೂ ಹೋದೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪದ ಶಿಲ್ಪಗಳು ಇದೇ ಭೀಮಾ ತೀರದ ಸುಣ್ಣಕಲ್ಲಿನಲ್ಲಿವೆ. ಅಶೋಕನ ಹೆಸರು ಕೆತ್ತಿದ ಚಪ್ಪಡಿಯೂ ಅಲ್ಲಿಯದೇ. ಉಗುರು, ಬಳೆ, ಸೆರಗಿನ ಮಡಿಕೆ ಇವತ್ತಿಗೂ ಚೂಪಾಗಿವೆ. ಮಣ್ಣಿನಡಿ ಹುದುಗಿದ್ದದ್ದು, ಮಳೆ ಕಡಿಮೆಯ ಊರು, ಇವೆರಡೂ ಕಾರಣ ಇರಬಹುದು. ನಾನಂತೂ ಬಗ್ಗಿ ಶಿಲ್ಪದ ಬದಿಯ ಅಂಚು ನೋಡಿದೆ, ಜೇಡಿ ಎಳೆ ಕಾಣಲಿಲ್ಲ. ಕಾವಲಿನವರು "ಏನ್ ಹುಡುಕ್ಲತ್ತೀರಿ ಸರ? ಮೂರ್ತಿ ಮುಂದ ಅದಾವ" ಎಂದರು.

ಈಗ ಅಂಗಡಿಯ ಗೋಡೆಗೆ ಮೂರು ಪಟ್ಟಿಗಳನ್ನೂ ಜೋಡಿ ಜೇಡಿಯ ಗೆರೆ ಒಂದೇ ಮಟ್ಟಕ್ಕೆ ಬರುವ ಹಾಗೆ ಅಂಟಿಸಿದ್ದೇನೆ. ತುದಿಗಳು ಮೇಲೆ ಕೆಳಗೆ, ನೋಡಲು ಚಂದವಿಲ್ಲ. ಕ್ಯಾಲೆಂಡರ್ ತಗಲಿಸುವ ಜಾಗ ಹಾಳು ಮಾಡಿದೆ ಎಂದು ಅಪ್ಪನಿಗೆ ಸಿಟ್ಟು. ಎರಡನೇ ಗಣಿಯಿಂದ ನೀರು ಕುಡಿಯುವ ಪದರವನ್ನು ತರಿಸುವುದನ್ನು ಪೂರ್ತಿ ನಿಲ್ಲಿಸಿಲ್ಲ. ಮನೆಯೊಳಗಿನ ನೆಲಕ್ಕೆ ಅದು ಸಾಕು, ಬೆಲೆಯೂ ಕಡಿಮೆ. ಲಾರಿ ಬಂದಾಗ ಇಳಿಸುವ ಮೊದಲು ಚಪ್ಪಡಿಗಳ ಅಂಚಿಗೆ ನೀರು ಚಿಮುಕಿಸಿ ಐದು ನಿಮಿಷ ಬಿಡುತ್ತೇನೆ. ಜೇಡಿ ಎಳೆ ಇದ್ದರೆ ಕಲ್ಲು ಒಣಗಿದ ಮೇಲೂ ಅಲ್ಲಿ ಗೆರೆ ಹಸಿಯಾಗಿ ಉಳಿಯುತ್ತದೆ.

ಕಳೆದ ವಾರ ಹೊಸ ಗಣಿಯೊಂದರಿಂದ ಫೋನು ಬಂತು. "ಮ್ಯಾಲಿಂದ ಎಷ್ಟನೇದ್ದು ಬೇಕ್ರಿ ಸರ?"

"ಮೇಲಿಂದ ಬೇಡ ಮಾರಾಯ್ರೆ. ಕೆಳಗೆ ಬೆರಳು ದಪ್ಪದ ಮಣ್ಣಿನ ಗೆರೆ ಎರಡು ಒಟ್ಟಿಗೆ ಉಂಟಾ, ನೋಡಿ ಹೇಳಿ. ಅದರಿಂದ ಮೇಲಕ್ಕೆ ಎಣಿಸುವ."